ನೀವು ಹೇಳಿದ್ದು ಠಾಣೆಯ ಯಾವ ಪುಸ್ತಕಕ್ಕೆ ಹೋಗುತ್ತದೆ?

(ತಾಲ್ಲೂಕು ಗ್ರಂಥಾಲಯದಲ್ಲಿ ಆಡಿದ ಮಾತು. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಲಾಖೆಗೆ ಕಾನ್‌ಸ್ಟೆಬಲ್ ಆಗಿ ಸೇರಿದವನು, ಎಎಸ್‌ಐ ಆಗಿ ನಿವೃತ್ತಿ ಆದವನು. ನಡುವಿನ ವರ್ಷಗಳಲ್ಲಿ ಜಾಸ್ತಿ ಪಾಲು ಕಳೆದದ್ದು ರೈಟರ್ ಮೇಜಿನ ಹಿಂದೆ. ಠಾಣೆಗೆ ಹೋದವರಿಗೆಲ್ಲ ಆ ಮೇಜು ಗೊತ್ತಿರುತ್ತದೆ. ದೂರು ಬರೆಯುವುದು, ಎಫ್‌ಐಆರ್ ಹಾಕುವುದು, ಕೋರ್ಟಿಗೆ ಕಾಗದ ಕಳಿಸುವುದು, ಮುದ್ದೆಮಾಲಿಗೆ, ಅಂದರೆ ಜಪ್ತಿ ಮಾಡಿದ ವಸ್ತುವಿಗೆ, ಚೀಟಿ ಅಂಟಿಸುವುದು ಎಲ್ಲ ಅಲ್ಲೇ. ಪೊಲೀಸ್ ಅಂದರೆ ಓಡುವುದು, ಹಿಡಿಯುವುದು, ಲಾಠಿ ಬೀಸುವುದು ಅಂತ ಜನ ಅಂದುಕೊಂಡಿರುತ್ತಾರೆ. ಅವೆಲ್ಲ ಇವೆ. ಆದರೆ ಹಿಡಿದ ಮೇಲೆ ಕೋರ್ಟಿನಲ್ಲಿ ನಿಲ್ಲುವುದು ಬರವಣಿಗೆ. ಅದರಲ್ಲೂ ಏನು ಬರೆದಿದ್ದಾರೆ ಅನ್ನುವಷ್ಟೇ ಮುಖ್ಯ, ಯಾವ ಹೊತ್ತಿನಲ್ಲಿ ಬರೆದಿದ್ದಾರೆ ಅನ್ನುವುದು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಠಾಣಾ ದಿನಚರಿ. ನಾವು ಎಸ್‌ಎಚ್‌ಡಿ ಅಂತೀವಿ, ಸ್ಟೇಷನ್ ಹೌಸ್ ಡೈರಿ. ಬೇರೆ ರಾಜ್ಯಗಳಲ್ಲಿ ಜನರಲ್ ಡೈರಿ ಅನ್ನುತ್ತಾರೆ. ಠಾಣೆಯ ಇಪ್ಪತ್ತನಾಲ್ಕು ಗಂಟೆ ಅದರಲ್ಲಿ ಇರುತ್ತದೆ. ಯಾರು ಡ್ಯೂಟಿಗೆ ಬಂದರು, ಸೆಂಟ್ರಿ ಯಾವಾಗ ಬದಲಾದ, ಸಾಹೇಬರು ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಟರು, ಆಸ್ಪತ್ರೆಯಿಂದ ಎಂಎಲ್‌ಸಿ ಮೆಮೊ (ಪೊಲೀಸ್ ಕೇಸಿಗೆ ಸಂಬಂಧಿಸಿದ ರೋಗಿ ಬಂದಿದ್ದಾರೆ ಅಂತ ತಿಳಿಸುವ ಚೀಟಿ) ಯಾವಾಗ ಬಂತು, ಯಾರನ್ನು ಕರೆತಂದರು, ಯಾರನ್ನು ಬಿಟ್ಟರು. ಪ್ರತಿ ನಮೂದಿಗೂ ಗಂಟೆ ಇರಬೇಕು. ಇದು ಹೊಸದೇನಲ್ಲ. 1861ರ ಪೊಲೀಸ್ ಕಾಯ್ದೆಯ 44ನೇ ಕಲಮಿನಲ್ಲೇ ಇದೆ. ಬಂದ ದೂರುಗಳು, ಬಂಧಿಸಿದವರ ಹೆಸರು, ದೂರು ಕೊಟ್ಟವರ ಹೆಸರು, ವಶಪಡಿಸಿಕೊಂಡ ಆಯುಧ ಮತ್ತು ವಸ್ತು, ವಿಚಾರಿಸಿದ ಸಾಕ್ಷಿಗಳು, ಇಷ್ಟನ್ನೂ ಡೈರಿಯಲ್ಲಿ ಬರೆಯಬೇಕು ಅಂತ.

ಈ ಡೈರಿಯ ಶಕ್ತಿ ಇರುವುದು ಅದರ ಅನುಕ್ರಮದಲ್ಲಿ. 11-10ರ ನಮೂದು 11-40ರ ನಮೂದಿನ ಕೆಳಗೆ ಬರುವ ಹಾಗಿಲ್ಲ. ಕೈಬರಹದ ಕಾಲದಲ್ಲಿ ಇದನ್ನು ಕೆಡಿಸುವ ದಾರಿ ಒಂದೇ ಇತ್ತು: ನಾಲ್ಕು ಗೆರೆ ಖಾಲಿ ಬಿಟ್ಟು ಮುಂದೆ ಬರೆಯುವುದು. ಆಮೇಲೆ ಬೇಕಾದ್ದನ್ನು ತುಂಬಬಹುದು. ನನಗೆ ಬರವಣಿಗೆ ಕಲಿಸಿದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ದಿನಾ ಬೆಳಿಗ್ಗೆ ಹಿಂದಿನ ದಿನದ ಪುಟ ತೆಗೆದು, ಕೊನೇ ನಮೂದಿನ ಕೆಳಗೆ ಎಳೆದ ಗೆರೆಗೆ ಬೆರಳಿಟ್ಟು ನೋಡುತ್ತಿದ್ದರು. "ಜಾಗ ಬಿಟ್ಟಿಲ್ಲ ತಾನೆ?" ಅಂತ ಕೇಳಿಯೇ ಟೀ ಕುಡಿಯುತ್ತಿದ್ದರು. ಅವರು ಯಾಕೆ ಅಷ್ಟು ಹಟ ಹಿಡಿಯುತ್ತಿದ್ದರು ಅಂತ ತಿಳಿದದ್ದು ಕೋರ್ಟಿಗೆ ಹೋಗಲು ಶುರು ಮಾಡಿದ ಮೇಲೆ. ಒಬ್ಬ ಮನುಷ್ಯನನ್ನು ಮಂಗಳವಾರ ರಾತ್ರಿ ಠಾಣೆಗೆ ಕರೆತಂದು ಗುರುವಾರ ಬಂಧಿಸಿದೆವು ಅಂತ ತೋರಿಸಿದರೆ, ಆ ಎರಡು ದಿನ ಅವನು ಎಲ್ಲಿದ್ದ? ಇದಕ್ಕೆ ಉತ್ತರ ಡೈರಿಯಲ್ಲಿ ಹುಡುಕಬೇಕು. ಬಂಧಿತನ ಪಾಲಿಗೆ ಅದು ಪ್ರಾಣದ ವಿಷಯ. ಪ್ರಾಮಾಣಿಕವಾಗಿ ಕೆಲಸ ಮಾಡಿದ ಪೊಲೀಸಿನವನ ಮೇಲೆ ಸುಳ್ಳು ಆರೋಪ ಬಂದಾಗ ಅವನನ್ನು ಕಾಯುವುದೂ ಅದೇ ಡೈರಿ.

2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂದಿತು. ಇದು ಎಲ್ಲರಿಗೂ ಗೊತ್ತು. ಅದೇ ತೀರ್ಪಿನ ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇಂಥ ಮಾಹಿತಿ ಎಫ್‌ಐಆರ್ ಆಗಲಿ, ಬರೀ ವಿಚಾರಣೆಯಲ್ಲೇ ಇರಲಿ, ಠಾಣೆಯ ಡೈರಿಯಲ್ಲಿ ಕಡ್ಡಾಯವಾಗಿ ನಮೂದಾಗಬೇಕು. ಪ್ರಾಥಮಿಕ ವಿಚಾರಣೆ ಮಾಡೋಣ ಅಂತ ತೀರ್ಮಾನಿಸಿದರೆ ಆ ತೀರ್ಮಾನವೂ ನಮೂದಾಗಬೇಕು. ಅಂದರೆ ನೀವು ಠಾಣೆಗೆ ಹೋಗಿ ಹೇಳಿದ ಮಾತು ಗಾಳಿಗೆ ಹೋಗುವ ಹಾಗಿಲ್ಲ.

ಈಗ ದೂರಿನ ವಿಷಯ. ಒಂದು ಪ್ರಕರಣ ಹೇಳುತ್ತೇನೆ. ಊರು, ಹೆಸರು ಬೇಡ.

ಸಂತೆ ಮುಗಿಸಿ ಮನೆಗೆ ಹೋಗುತ್ತಿದ್ದ ಒಬ್ಬ ತಾಯಿಯ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋಗಿದ್ದರು. ಮಗನ ಜೊತೆ ರಾತ್ರಿ ಠಾಣೆಗೆ ಬಂದರು. ಕುತ್ತಿಗೆಯಲ್ಲಿ ಗೀರು, ಕೈ ನಡುಗುತ್ತಿತ್ತು. ನೀರು ಕೊಟ್ಟು ಕೂರಿಸಿದೆವು. ಮಗ ಮೊಬೈಲಿನಲ್ಲಿ ದೂರು ಟೈಪ್ ಮಾಡಿಕೊಂಡೇ ಬಂದಿದ್ದ. "ಸುಮಾರು 40 ಗ್ರಾಂ ತೂಕದ ಚಿನ್ನದ ಸರ" ಅಂತ ಇತ್ತು. ನಾನು ಅವರನ್ನೇ ಕೇಳಿದೆ:

"ಅಮ್ಮಾ, ಸರ ಹೇಗಿತ್ತು ಹೇಳಿ."

"ಎರಡೆಳೆ ಸರ ಕಣಪ್ಪ. ನಮ್ಮತ್ತೆದು. ಒಂದು ಹವಳ ಒಡೆದೋಗಿತ್ತು. ಅದರ ಜಾಗಕ್ಕೆ ನಾನೇ ಒಂದು ಕರಿಮಣಿ ಪೋಣಿಸಿದ್ದೆ."

"ಅದೆಲ್ಲ ಯಾಕಮ್ಮ, ತೂಕ ಹೇಳು ಸಾಕು" ಅಂದ ಮಗ.

"ಇರಲಿ ಬಿಡಪ್ಪ, ಅವರು ಹೇಳಲಿ" ಅಂದು ಎಲ್ಲವನ್ನೂ ಬರೆದುಕೊಂಡೆ. ಎಡಗಡೆಯಿಂದ ಎಷ್ಟನೇ ಗುಂಡಿನ ಪಕ್ಕ ಕರಿಮಣಿ ಅನ್ನುವುದನ್ನೂ ಸೇರಿಸಿದೆ. ಹಿಂದೆ ಕೂತಿದ್ದವನು ಯಾವ ಕೈಯಲ್ಲಿ ಕಿತ್ತ ಅಂತ ಕೇಳಿದಾಗ ಅವರು ಎದ್ದು ನಿಂತು, ರಸ್ತೆಯ ಕಡೆ ತಿರುಗಿ, ನೆನಪು ಮಾಡಿಕೊಂಡು "ಎಡಗೈ" ಅಂದರು. ಅದನ್ನೂ ಬರೆದೆ.

ಎಷ್ಟೋ ತಿಂಗಳ ಮೇಲೆ ಬೇರೆ ಠಾಣೆಯವರು ಒಂದು ಗ್ಯಾಂಗ್ ಹಿಡಿದರು. ಗಿರವಿ ಅಂಗಡಿಯಿಂದ ಸರಗಳು ವಾಪಸ್ ಬಂದವು. ಎರಡೆಳೆ ಸರ, 40 ಗ್ರಾಂ ಆಸುಪಾಸು ಅಂತ ಬರೆದ ದೂರುಗಳು ಸುತ್ತಮುತ್ತ ಹಲವು ಇದ್ದವು. ಯಾವ ಸರ ಯಾರದ್ದು? ಈ ತಾಯಿಯ ಸರ ಮಾತ್ರ ಕ್ಷಣದಲ್ಲಿ ಗುರುತಾಯಿತು. ಕರಿಮಣಿ ಹೇಳಿದ ಜಾಗದಲ್ಲೇ ಇತ್ತು. ಸರ ಸಿಕ್ಕಿದ ಮೇಲೆ ಅವರು ಹಾಗೆ ಹೇಳಿದ್ದರೆ ಎದುರು ವಕೀಲರು "ನೋಡಿಕೊಂಡು ಹೇಳಿದ್ದೀರಿ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಘಟನೆ ನಡೆದ ರಾತ್ರಿಯೇ ಬರೆದದ್ದು ಅನ್ನುವ ಕಾರಣಕ್ಕೆ ಆ ಮಾತಿಗೆ ಬೆಲೆ ಬಂತು.

ಈ ಹಿನ್ನೆಲೆಯಲ್ಲೇ ಒಂದು ಬೇಸರ ಹೇಳಿಕೊಳ್ಳಬೇಕು. ನಮ್ಮ ಇಲಾಖೆಯಲ್ಲಿ ಚಹರೆ ಬರೆಯುವುದಕ್ಕೆ ಸಿದ್ಧ ಮಾತುಗಳಿವೆ. "ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ, ಕೋಲು ಮುಖ." ಕಾಣೆಯಾದವರ ಪ್ರಕಟಣೆಯಲ್ಲಿ ನೀವೂ ಓದಿರುತ್ತೀರಿ. ಈ ಮೂರು ಮಾತಿಗೆ ಈ ಸಭೆಯಲ್ಲಿರುವ ಅರ್ಧ ಜನ ಹೊಂದುತ್ತಾರೆ. ಎದುರಿಗೆ ಕೂತವರು "ನಕ್ಕಾಗ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಕಾಣುತ್ತೆ ಸಾರ್" ಅಂತ ಹೇಳುತ್ತಿದ್ದರೂ ಕೈ ತಾನಾಗಿ "ಕೋಲು ಮುಖ" ಅಂತ ಬರೆದುಬಿಡುತ್ತದೆ. ಹೇಳಿದವರ ಮಾತಿನಲ್ಲಿ ಇದ್ದ ಮಾಹಿತಿ ಬರೆದವರ ಮಾತಿನಲ್ಲಿ ಸತ್ತುಹೋಗುತ್ತದೆ. ದೂರು ಕೊಡುವವರಿಗೆ ನಾನು ಹೇಳುವುದು ಇದು: ನಿಮಗೆ ಸಣ್ಣದು ಅನಿಸಿದ್ದನ್ನೂ ಬರೆಸಿ. ಬರೆದದ್ದನ್ನು ಓದಿ ಹೇಳಿಸಿ ಅಂತ ಕೇಳಿ. ಕಾನೂನೇ ಹಾಗೆ ಹೇಳುತ್ತದೆ: ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು.

2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮೊದಲು 154 ಅಂತ ಇದ್ದ ಕಲಂ ಈಗ 173. ಬದಲಾವಣೆ ಏನು? ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲಿ ದೂರು ತೆಗೆದುಕೊಳ್ಳಬೇಕು. ಜೀರೋ ಎಫ್‌ಐಆರ್ ಅಂತೀವಲ್ಲ, ಅದು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂತ ಕಳಿಸುವ ಹಾಗಿಲ್ಲ. ಇಮೇಲ್ ಥರದ ಎಲೆಕ್ಟ್ರಾನಿಕ್ ದಾರಿಯಲ್ಲೂ ಮಾಹಿತಿ ಕೊಡಬಹುದು, ಆದರೆ 3 ದಿನದೊಳಗೆ ಬಂದು ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಇಲ್ಲವೇ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು. 3 ವರ್ಷದಿಂದ ಹಿಡಿದು 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತಲೂ ಸೇರಿಸಿದ್ದಾರೆ. ಈ ಹದಿನಾಲ್ಕು ದಿನದ ಬಗ್ಗೆ ನನಗೆ ಆತಂಕ ಇದೆ. ಒಳ್ಳೆಯ ಅಧಿಕಾರಿಯ ಕೈಯಲ್ಲಿ ಇದರಿಂದ ಸುಳ್ಳು ಕೇಸು ತಪ್ಪುತ್ತದೆ. ಆದರೆ ಎದುರು ಪಾರ್ಟಿ ಬಲವಾಗಿದ್ದರೆ ರಾಜಿಗೆ ಒತ್ತಡ ಹಾಕಲು ಇದೇ ಸಮಯ ಸಾಕು. ಅದಕ್ಕೇ ಹೇಳಿದ್ದು, ವಿಚಾರಣೆಗೆ ಇಟ್ಟ ತೀರ್ಮಾನ ಡೈರಿಯಲ್ಲಿ ಬಂದಿದೆಯಾ ಅಂತ ಕೇಳುವುದು ಮುಖ್ಯ.

ಇಲ್ಲಿ ಜನ ತುಂಬಾ ಎಡವುವ ಒಂದು ವಿಷಯ ಇದೆ. ಠಾಣೆಯಿಂದ ಒಂದು ಕಾಗದ ಕೈಗೆ ಸಿಕ್ಕಿದ ಕೂಡಲೇ "ಕೇಸ್ ಆಯ್ತು" ಅಂತ ಮನೆಗೆ ಹೋಗುತ್ತಾರೆ. ಆ ಕಾಗದ ಯಾವುದು ಅಂತ ನೋಡುವುದೇ ಇಲ್ಲ. ಅರ್ಜಿ ಸ್ವೀಕರಿಸಿದ್ದೇವೆ ಅಂತ ಕೊಡುವುದು ಹಿಂಬರಹ. ಅದು ಬರೀ ರಸೀದಿ. ಬೈಗುಳ, ಸಣ್ಣ ಹೊಡೆದಾಟದಂಥ ಅಸಂಜ್ಞೇಯ ವಿಷಯಕ್ಕೆ ಎನ್‌ಸಿಆರ್ ಕೊಡುತ್ತಾರೆ. ಅದರಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗೇ ಇಲ್ಲ. ಎಫ್‌ಐಆರ್‌ಗೆ ಮಾತ್ರ ಅಪರಾಧ ಸಂಖ್ಯೆ, ಅದರ ಪಕ್ಕ ವರ್ಷ, ಕೆಳಗೆ ಕಲಂ ಇರುತ್ತದೆ. ಮೇಲೆ ಹೇಳಿದ ಸರಗಳ್ಳತನಕ್ಕೆ ಇವತ್ತು ಹಾಕುವುದಾದರೆ ಭಾರತೀಯ ನ್ಯಾಯ ಸಂಹಿತೆಯ 304, ಕಸಿದುಕೊಂಡು ಹೋಗುವ ಕಳ್ಳತನ. ಕಾಗದ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಮೂರರಲ್ಲಿ ಯಾವುದು ಅಂತ ರೈಟರ್‌ನನ್ನೇ ಕೇಳಿ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಎಫ್‌ಐಆರ್ ಆದ ಮೇಲೆ ಅದರ ಪ್ರತಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ದೊಡ್ಡ ಪ್ರಕರಣ ಆದರೆ ಕಾನ್‌ಸ್ಟೆಬಲ್ ಒಬ್ಬ ಮಧ್ಯರಾತ್ರಿ ನ್ಯಾಯಾಧೀಶರ ಮನೆ ಬಾಗಿಲಿಗೆ ಲಕೋಟೆ ಹಿಡಿದು ಹೋಗುತ್ತಿದ್ದ. ಅವರು ಅದರ ಮೇಲೆ ತಾವು ನೋಡಿದ ಗಂಟೆ ಬರೆದು ಸಹಿ ಹಾಕುತ್ತಿದ್ದರು. ಎರಡು ಕಚೇರಿ, ಎರಡು ಗಡಿಯಾರ. ಠಾಣೆಯಲ್ಲಿ ಯಾರೇ ಸಮಯ ತಿದ್ದಿದರೂ ಆ ಇನ್ನೊಂದು ಗಡಿಯಾರ ತಿದ್ದುವುದಕ್ಕೆ ಬರುವುದಿಲ್ಲ. ತಡವಾದರೆ ಏನಾಗುತ್ತದೆ? 1972ರ ತುಲಿಯಾ ಕಾಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ದೂರು ತಡವಾದಷ್ಟೂ ಕಥೆಗೆ ಬಣ್ಣ ಸೇರುವ, ಆಮೇಲೆ ಯೋಚಿಸಿ ಸೇರಿಸುವ ಅಪಾಯ ಹೆಚ್ಚು. ಆದರೆ ಎಲ್ಲ ತಡವೂ ಒಂದೇ ಅಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮನೆತನದ ಮಾನ, ಹೆದರಿಕೆ ಅಂತ ಹೆಣ್ಣುಮಕ್ಕಳು ಹಿಂಜರಿಯುವುದು ಸಹಜ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅವರ ಮಾತನ್ನು ತಳ್ಳಬಾರದು ಅಂತ 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಈ ಎರಡನೇ ಮಾತನ್ನು ಪ್ರತಿಯೊಬ್ಬ ರೈಟರ್ ತನ್ನ ಮೇಜಿನ ಗಾಜಿನ ಕೆಳಗೆ ಬರೆದಿಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ.

ತನಿಖೆ ಶುರುವಾದ ಮೇಲೆ ಕೇಸ್ ಡೈರಿ, ನಮ್ಮ ಬಾಯಲ್ಲಿ ಸಿಡಿ. ತನಿಖಾಧಿಕಾರಿ ದಿನದಿನವೂ ಬರೆಯಬೇಕು. ಮಾಹಿತಿ ಯಾವಾಗ ಬಂತು, ತನಿಖೆ ಎಷ್ಟು ಹೊತ್ತಿಗೆ ಶುರು ಮಾಡಿದ, ಎಷ್ಟಕ್ಕೆ ಮುಗಿಸಿದ, ಯಾವ ಜಾಗಕ್ಕೆ ಹೋಗಿದ್ದ, ಏನು ತಿಳಿಯಿತು. ಪುಟಗಳಿಗೆ ಸಂಖ್ಯೆ ಹಾಕಿ, ಒಂದು ಸಂಪುಟವಾಗಿ ಇಡಬೇಕು. ಹಿಂದೆ ಬಿಡಿ ಹಾಳೆಗಳಲ್ಲಿ ಬರೆದು ದಾರ ಕಟ್ಟುತ್ತಿದ್ದರು. ನಡುವಿನ ಹಾಳೆ ಬದಲಾಯಿಸಿದರೆ ಯಾರಿಗೆ ಗೊತ್ತಾಗುತ್ತದೆ? ಅದಕ್ಕೇ ಈ ನಿಯಮವನ್ನು ಕಾನೂನಿಗೆ ಸೇರಿಸಿದರು. ಸಿಡಿಯನ್ನು ಕೋರ್ಟ್ ತರಿಸಿಕೊಂಡು ನೋಡಬಹುದು, ಆದರೆ ಅದನ್ನೇ ಸಾಕ್ಷ್ಯ ಅಂತ ಬಳಸುವ ಹಾಗಿಲ್ಲ. ಆರೋಪಿಗೂ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಅಧಿಕಾರಿ ಸಾಕ್ಷಿಕಟ್ಟೆಯಲ್ಲಿ ನಿಂತು ನೆನಪಿಗೋಸ್ಕರ ಅದನ್ನು ತೆರೆದರೆ ಆ ಭಾಗ ನೋಡುವ ಹಕ್ಕು ಎದುರಿನವರಿಗೆ ಬರುತ್ತದೆ.

ಸಾಕ್ಷಿಗಳ ಹೇಳಿಕೆ ಇನ್ನೊಂದು ದೊಡ್ಡ ವಿಷಯ. ಹಳೆಯ ಸಿಆರ್‌ಪಿಸಿಯ 161, ಈಗಿನ ಸುರಕ್ಷಾ ಸಂಹಿತೆಯ 180. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಪೊಲೀಸರು ತಮಗೆ ಬೇಕಾದ್ದು ಬರೆದು ಸಹಿ ಹಾಕಿಸಿ, ಆಮೇಲೆ ಆ ಸಹಿ ತೋರಿಸಿ ಸಾಕ್ಷಿಯನ್ನು ಕಟ್ಟಿಹಾಕಬಾರದು ಅಂತ ಇಟ್ಟ ರಕ್ಷಣೆ ಅದು. ಹೇಳಿಕೆ ಬರೆದುಕೊಂಡರೆ ಒಬ್ಬೊಬ್ಬರದ್ದನ್ನೂ ಬೇರೆ ಬೇರೆಯಾಗಿ, ಅವರು ಹೇಳಿದ ಹಾಗೇ ಬರೆಯಬೇಕು ಅಂತ ಕಾನೂನು ಹೇಳುತ್ತದೆ. ಆದರೆ ಕಂಪ್ಯೂಟರ್ ಬಂದ ಮೇಲೆ ಏನಾಗಿದೆ ನೋಡಿ. ಸಾಕ್ಷಿ 4ರ ಹೇಳಿಕೆ ಟೈಪ್ ಮಾಡಿ, ಹೆಸರು ಬದಲಾಯಿಸಿ, 5ರಿಂದ 9ರವರೆಗೆ ಅದನ್ನೇ ಇಳಿಸಿಬಿಡುತ್ತಾರೆ. ಕಾಗುಣಿತದ ತಪ್ಪೂ ಐದು ಕಡೆ ಒಂದೇ. ಕೂಲಿಗೆ ಹೋಗುವ ಹೆಣ್ಣುಮಗಳೂ, ಮೇಷ್ಟರೂ, ಟೀ ಅಂಗಡಿಯವನೂ ಒಂದೇ ಮಾತು, ಒಂದೇ ಕ್ರಮದಲ್ಲಿ ಹೇಳಲು ಸಾಧ್ಯವಾ? ಕೋರ್ಟಿನಲ್ಲಿ ಆ ಐದೂ ಹೇಳಿಕೆ ಒಟ್ಟಿಗೆ ಬಿದ್ದುಹೋಗುತ್ತವೆ. ನಿಜವಾಗಿ ಕಣ್ಣಾರೆ ಕಂಡವರು ಅದರಲ್ಲಿ ಇಬ್ಬರು ಇದ್ದರೂ ಅವರ ಮಾತು ಉಳಿದವರ ಜೊತೆ ಸೇರಿ ಹಾಳಾಗುತ್ತದೆ. ಅಪರಾಧಿಗಳು ಬಿಡುಗಡೆ ಆದಾಗ ಜನ ಕೋರ್ಟನ್ನು ಬೈಯುತ್ತಾರೆ. ಕೇಸು ಕೆಟ್ಟುಹೋದದ್ದು ಎಷ್ಟೋ ಸಲ ಇಲ್ಲೇ, ಈ ಮೇಜಿನ ಮೇಲೆ.

ಆರೋಪಿಯ ಸ್ವ-ಇಚ್ಛಾ ಹೇಳಿಕೆಯ ಬಗ್ಗೆ ಎರಡು ಮಾತು. ಪತ್ರಿಕೆಗಳಲ್ಲಿ "ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಅಂತ ಬರುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅವನು ಹೇಳಿದ್ದರಿಂದ ಒಂದು ವಸ್ತು ಪತ್ತೆಯಾದರೆ ಆ ವಸ್ತುವಿಗೆ ಸಂಬಂಧಿಸಿದ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. ಹಿಂದಿನ ಸಾಕ್ಷ್ಯ ಕಾಯ್ದೆಯ 27, ಈಗಿನ ಸಾಕ್ಷ್ಯ ಅಧಿನಿಯಮದ 23. ಹಾಗಾಗಿ ವಸ್ತು ಸಿಕ್ಕಿದ ಪಂಚನಾಮೆ, ಅಂದರೆ ಪಂಚರು ಅನ್ನುವ ಹೊರಗಿನ ಸಾಕ್ಷಿಗಳ ಎದುರು ಬರೆಯುವ ಪತ್ರ, ಗಟ್ಟಿ ಇರಬೇಕು. ಹಿಂದೆ ಠಾಣೆಯ ಸುತ್ತ ಓಡಾಡಿಕೊಂಡಿರುವವರನ್ನೇ ಪಂಚರಾಗಿ ಕರೆಯುವ ಅಭ್ಯಾಸ ಇತ್ತು. ಒಬ್ಬನೇ ಮನುಷ್ಯ ಹತ್ತು ಕೇಸಿನಲ್ಲಿ ಪಂಚ! ಅಂಥವನ ಮಾತನ್ನು ಯಾರು ನಂಬುತ್ತಾರೆ? ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋ ಮಾಡಲೇಬೇಕು ಅಂತ ಹೇಳಿದೆ. ಮೊಬೈಲಿನಲ್ಲೇ ಆಗುತ್ತದೆ, ಅದಕ್ಕೆ ಇ-ಸಾಕ್ಷ್ಯ ಅನ್ನುವ ಆ್ಯಪ್ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆ ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯ ಬರೆಯಬೇಕು. ಒಂದು ಫೈಲಿನ ಒಳಗೆ ಒಂದು ಅಕ್ಷರ ಬದಲಾದರೂ ಬದಲಾಗುವ ಸಂಖ್ಯೆ ಅದು. ಹಳೇ ಎಸ್‌ಎಚ್‌ಡಿಯ ಗೆರೆ ಮಾಡುತ್ತಿದ್ದ ಕೆಲಸವನ್ನೇ ಇವತ್ತು ಆ ಸಂಖ್ಯೆ ಮಾಡುತ್ತಿದೆ. ನನಗೆ ಇದರಿಂದ ನಿಜಕ್ಕೂ ಸಂತೋಷ ಆಗಿದೆ.

ಇಷ್ಟು ಹೊತ್ತು ಮಾತಾಡಿದ್ದು ಠಾಣೆಗೆ ತಾನಾಗಿ ಬಂದ ಮಾಹಿತಿಯ ಬಗ್ಗೆ. ಹುಡುಕಿಕೊಂಡು ಹೋಗುವ ಮಾಹಿತಿ ಬೇರೆ. ಅದಕ್ಕೆ ಬೀಟ್ ಬೇಕು, ಅಂದರೆ ಗೊತ್ತಾದ ಪ್ರದೇಶದಲ್ಲಿ ಗಸ್ತು. ಬಾತ್ಮೀದಾರ ಬೇಕು, ಅಂದರೆ ಗುಟ್ಟಾಗಿ ಸುದ್ದಿ ಕೊಡುವವನು. ಹಿಂದೆ ಬ್ಯಾಂಕಿನ ಬಾಗಿಲಲ್ಲಿ, ದೇವಸ್ಥಾನದ ಕಂಬದಲ್ಲಿ ಪಾಯಿಂಟ್ ಬುಕ್ ತೂಗುಹಾಕಿರುತ್ತಿದ್ದರು. ರಾತ್ರಿ ಗಸ್ತಿನವನು ಸಹಿ ಹಾಕಿ ಗಂಟೆ ಬರೆಯಬೇಕು. ಈಗ ಎಷ್ಟೋ ಕಡೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಅವನು ಅಲ್ಲಿಗೆ ಹೋಗಿದ್ದ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅಲ್ಲಿ ಯಾರ ಜೊತೆ ಮಾತಾಡಿದ ಅನ್ನುವುದು ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ತಂದರು. ಠಾಣೆಯ ಸರಹದ್ದನ್ನು ಹಂಚಿ, ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿ ಹೊಣೆ ಅಂತ ಮಾಡಿದರು. ವಿಚಾರ ಬಹಳ ಒಳ್ಳೆಯದು. ಆದರೆ ಬಂದೋಬಸ್ತು, ಕೋರ್ಟು, ಜಾತ್ರೆ, ಚುನಾವಣೆ ಅಂತ ಅದೇ ಸಿಬ್ಬಂದಿಯನ್ನು ಎಳೆದಾಡಿದರೆ ಬೀಟಿಗೆ ಹೋಗುವವರು ಯಾರು? ಕಿರಾಣಿ ಅಂಗಡಿಯವರು ಕಾನ್‌ಸ್ಟೆಬಲ್‌ಗೆ "ಆ ಮೂಲೆ ಮನೆಗೆ ಹೊಸಬರು ಬಂದವ್ರೆ ಸಾರ್, ಹಗಲೊತ್ತು ಬಾಗಿಲೇ ತೆಗೆಯಲ್ಲ" ಅಂತ ಹೇಳಬೇಕಾದರೆ ಅವನ ಮುಖ ಅವರಿಗೆ ಪರಿಚಯ ಇರಬೇಕು. ಅದು ಆ್ಯಪಿನಿಂದ ಆಗುವ ಕೆಲಸವಲ್ಲ. ಬಾತ್ಮೀದಾರನ ಹೆಸರು ಮಾತ್ರ ಯಾವ ಪುಸ್ತಕಕ್ಕೂ ಹೋಗಬಾರದು. ಎಲ್ಲಿಂದ ಮಾಹಿತಿ ಬಂತು ಅಂತ ಹೇಳು ಅಂತ ಪೊಲೀಸಿನವನನ್ನು ಬಲವಂತ ಮಾಡುವ ಹಾಗಿಲ್ಲ ಅಂತ ಸಾಕ್ಷ್ಯ ಕಾನೂನಿನಲ್ಲೇ ಇದೆ. "ಖಚಿತ ಬಾತ್ಮಿ ಮೇರೆಗೆ" ಅನ್ನುವ ಮೂರು ಪದದ ಹಿಂದೆ ಒಂದು ಜೀವ ಇರುತ್ತದೆ, ಅಲ್ವಾ?

ಇನ್ನು ಕಂಪ್ಯೂಟರ್. 2009ರಲ್ಲಿ ಕೇಂದ್ರ ಸರ್ಕಾರ 2000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಯೋಜನೆ. ಕರ್ನಾಟಕದಲ್ಲಿ ಪೊಲೀಸ್ ಐಟಿ ಅನ್ನುವ ನಮ್ಮದೇ ತಂತ್ರಾಂಶ ಇತ್ತು. ಸಂಖ್ಯೆ ತಾನಾಗಿ ಬೀಳುತ್ತದೆ, ಸಮಯ ತಾನಾಗಿ ಬೀಳುತ್ತದೆ, ಮೇಲಿನವರು ಕೂತಲ್ಲೇ ನೋಡಬಹುದು. ಆದರೆ ಹುಡುಕುವುದು ಅಷ್ಟು ಸುಲಭವಲ್ಲ. ನಮ್ಮ ಕಡೆ ಮಂಜುನಾಥ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಮಂಜ, ಮಂಜು, ಮಂಜುನಾಥ್, ಮಂಜಪ್ಪ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಇನ್ನೂ ನಾಲ್ಕು ಥರ. ತಂದೆ ಹೆಸರು ಒಂದು ಠಾಣೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಬೇರೆ ಯಾರದ್ದೋ ಕೇಸು ಅದೇ ಹೆಸರಿನ ಅಮಾಯಕನ ಪಾಸ್‌ಪೋರ್ಟ್ ಪರಿಶೀಲನೆಗೆ ಅಡ್ಡ ಬಂದದ್ದನ್ನು ನಾನು ನೋಡಿದ್ದೇನೆ. ಆ ಹುಡುಗ ತಿಂಗಳುಗಟ್ಟಲೆ ಅಲೆದ.

ಹೆಸರು ಮೋಸ ಮಾಡುತ್ತದೆ ಅಂತಲೇ ಬೆರಳಚ್ಚು ಬಂದದ್ದು. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿ ಅವರ ಹೆಸರು ಬಂದಿದೆ. ಆದರೆ ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು. ನಮ್ಮ ದರ್ಜೆಯ ನೌಕರರು! ಈ ಮಾತು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ. 2022ರಲ್ಲಿ ನಫೀಸ್ ಅನ್ನುವ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ ಬಂತು, ಒಬ್ಬೊಬ್ಬರಿಗೂ 10 ಅಂಕಿಯ ಸಂಖ್ಯೆ. ಅದೇ ವರ್ಷ ಬಂದ ಗುರುತಿಸುವಿಕೆ ಕಾಯ್ದೆ ಕಣ್ಣಿನ ಪಾಪೆಯಿಂದ ಹಿಡಿದು ರಕ್ತದವರೆಗೆ ಸಂಗ್ರಹಿಸಲು ಅವಕಾಶ ಕೊಟ್ಟಿದೆ. 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆ ಆಗಿರದ ವ್ಯಕ್ತಿ ಖುಲಾಸೆಯಾದರೆ ಅಳಿಸಬೇಕು ಅಂತಲೂ ಅದರಲ್ಲಿದೆ. ಸಂಗ್ರಹಿಸುವುದಕ್ಕೆ ಒಂದು ನಿಮಿಷ ಸಾಕು. ಅಳಿಸುವುದಕ್ಕೆ ಯಾರು ಯಾವಾಗ ಕೂರುತ್ತಾರೆ ಅನ್ನುವುದನ್ನು ನಾವೆಲ್ಲ ಕೇಳುತ್ತಿರಬೇಕು.

ಈ ಮಾತು ರೌಡಿ ಶೀಟಿಗೂ ಅನ್ವಯಿಸುತ್ತದೆ. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದಲ್ಲಿ ಅದರ ನಿಯಮ ಇದೆ. ತೆರೆಯುವುದು ಬೇಗ, ಮುಚ್ಚುವುದು ನಿಧಾನ. ನಿಗಾ ಇಡುವ ಹೆಸರಿನಲ್ಲಿ ರಾತ್ರಿ ಮನೆ ಬಾಗಿಲು ಬಡಿಯುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಖರಕ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ಹೇಳಿತ್ತು. 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಇಂಥ ಶೀಟು ಪೊಲೀಸರ ಒಳಗಿನ ದಾಖಲೆ, ಊರಿಗೆಲ್ಲ ಹಂಚುವಂಥದ್ದಲ್ಲ, ಮನೆಯ ಸಣ್ಣ ಮಕ್ಕಳ ಗುರುತು ಅದರಲ್ಲಿ ಬಯಲಾಗಬಾರದು ಅಂದಿತು. ಹಿಂದುಳಿದ, ಪರಿಶಿಷ್ಟ ಸಮುದಾಯದವರ ಹೆಸರನ್ನು ಜಾತಿಯ ಪೂರ್ವಗ್ರಹದಿಂದ ಯಾಂತ್ರಿಕವಾಗಿ ಸೇರಿಸುವ ಬಗ್ಗೆಯೂ ಎಚ್ಚರಿಸಿತು. ಶೀಟು ಹಾಕಿಸಿಕೊಂಡವನ ಮಗಳಿಗೆ ಶಾಲೆಯಲ್ಲಿ ಯಾರೋ "ರೌಡಿ ಮಗಳು" ಅಂದಾಗ ಆ ಮಗು ಏನು ಉತ್ತರ ಕೊಡಬೇಕು?

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ.

ಒಬ್ಬ ಅಕ್ಕ ಕೇಳಿದರು: "ಠಾಣೆಯಲ್ಲಿ ದೂರೇ ತಗೊಳ್ಳಲ್ಲ ಅಂದ್ರೆ ಏನ್ ಮಾಡೋದು ಸಾರ್?"

ಅಲ್ಲಿ ಜಗಳಕ್ಕೆ ನಿಲ್ಲಬೇಡಿ ಅಕ್ಕ. ಹೋದ ದಿನ, ಗಂಟೆ, ಮಾತಾಡಿದವರ ಹುದ್ದೆ ಬರೆದಿಟ್ಟುಕೊಳ್ಳಿ. ದೂರಿನ ಸಾರಾಂಶವನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇದೆಲ್ಲ 173ನೇ ಕಲಮಿನಲ್ಲೇ ಇದೆ. ಠಾಣೆಯಲ್ಲಿ ಕ್ಯಾಮೆರಾ ಇರಬೇಕು, ಚಿತ್ರ ಮತ್ತು ಮಾತು ಎರಡೂ ದಾಖಲಾಗಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಅದನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ನೀವು ಹೋದ ಗಂಟೆ ಬರೆದಿಟ್ಟಿದ್ದರೆ ಆ ದೃಶ್ಯ ಕೇಳಲು ದಾರಿ ಇರುತ್ತದೆ.

ಇನ್ನೊಬ್ಬ ಹುಡುಗ: "ನಮ್ಮಣ್ಣನ ಮೇಲೆ ಎಫ್‌ಐಆರ್ ಆಗಿದೆ ಅಂತಾರೆ, ಪ್ರತಿ ಕೊಡ್ತಿಲ್ಲ."

ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ 2016ರಲ್ಲಿ ಬಂದ ಆದೇಶದಂತೆ ಎಫ್‌ಐಆರ್ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಬರಬೇಕಪ್ಪ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಹಾಕುವುದಿಲ್ಲ. ಮೊದಲು ಅಲ್ಲಿ ಹುಡುಕು. ಠಾಣೆ, ವರ್ಷ, ಅಪರಾಧ ಸಂಖ್ಯೆ ಗೊತ್ತಿದ್ದರೆ ಸಾಕು. ಸಿಗದಿದ್ದರೆ ವಕೀಲರ ಮೂಲಕ ಸಂಬಂಧಪಟ್ಟ ಕೋರ್ಟಿನಲ್ಲಿ ಅರ್ಜಿ ಹಾಕಿಸು. ಮ್ಯಾಜಿಸ್ಟ್ರೇಟರಿಗೆ ಹೋದ ಪ್ರತಿ ಅಲ್ಲಿರುತ್ತದೆ. ಪ್ರತಿ ಕೈಗೆ ಬಂದ ಮೇಲೆ ಮೂರು ಸಮಯ ನೋಡು: ಘಟನೆ ನಡೆದದ್ದು, ಠಾಣೆಗೆ ಮಾಹಿತಿ ಬಂದದ್ದು, ಕೋರ್ಟಿಗೆ ತಲುಪಿದ್ದು. ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ವಕೀಲರ ಮುಂದೆ ಇಡು. ಅವರು ಮೊದಲು ಕೇಳುವುದೂ ಅದನ್ನೇ.